ಅಂಚೆಯಲ್ಲಿ ಬಂದ ಕಲಾವಿದರು

ಪಾಪಿನಾಯಕನಹಳ್ಳಿಯವರಿಗೆ ಪೇಟೆ ಎಂದರೆ ಹೊಸಪೇಟೆ. ಬಟ್ಟೆ, ಔಷಧಿ, ನೋಟ್‌ಬುಕ್ಕು ಯಾವುದು ಬೇಕಿದ್ದರೂ ಬಳ್ಳಾರಿ ರಸ್ತೆಯ ಬಸ್ಸು ಹತ್ತಿ ಅಲ್ಲಿಗೇ ಹೋಗಬೇಕಿತ್ತು. ಚಿತ್ರಕಥೆಗಳಿಗೂ ಅಷ್ಟೇ. ಕಾಮಿಕ್ಸ್ ಮಾತ್ರವೇ ಮಾರುವ ಅಂಗಡಿಯನ್ನು ಎಂಬತ್ತರ ದಶಕದಲ್ಲಿ ನಾವು ಕಂಡವರಲ್ಲ. ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯೇ ನಮ್ಮ ಪಾಲಿನ ಕಾಮಿಕ್ಸ್ ಅಂಗಡಿ. ಹಲಗೆಯ ಮೇಲೆ ದಿನಪತ್ರಿಕೆ, ಮೇಲೆ ಅಡ್ಡಕ್ಕೆ ಬಿಗಿದ ಸುತಲಿಗೆ ಬಟ್ಟೆ ಕ್ಲಿಪ್ಪು ಹಾಕಿ ನೇತುಬಿಟ್ಟ ಚಂದಮಾಮ, ಬಾಲಮಿತ್ರ, ಬೊಂಬೆಮನೆ, ಬಾಲಮಂಗಳ. ಬಸ್ಸು ಬರುವ ತನಕ ನಿಂತಲ್ಲೇ ಓದುವ ಹುಡುಗರನ್ನು ಗದರದೆ ಬಿಟ್ಟ ಅಂಗಡಿಯವರ ಋಣ ದೊಡ್ಡದು. ದಿನಕ್ಕಿಷ್ಟು ಎಂದು ಬಾಡಿಗೆ ಪಡೆಯುವ ಸರ್ಕ್ಯುಲೇಟಿಂಗ್ ಲೈಬ್ರರಿ ಇನ್ನೊಂದು ದಾರಿ. ಅಲ್ಲಿ ಅಮರ ಚಿತ್ರ ಕಥೆಯ ಹೊದಿಕೆ ಕಿತ್ತುಹೋಗಿ, ರಟ್ಟು ಹಾಕಿ ಹೊಲಿದ ಪ್ರತಿಗೂ ಕಾದು ನಿಲ್ಲುವವರಿದ್ದರು.

ಆ ಅಮರ ಚಿತ್ರ ಕಥೆಯ ಬೇರು ಕನ್ನಡದಲ್ಲೇ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1965ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಈ ಹೆಸರಿನ ಮಾಲಿಕೆಯನ್ನು ಮೊದಲು ಕನ್ನಡದಲ್ಲಿ ತಂದರು. ಮೊದಲ ಹತ್ತು ಪುಸ್ತಕಗಳು ಪಶ್ಚಿಮದ ಕಿನ್ನರ ಕಥೆಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮಾಲಿಕೆಯ ಚುಕ್ಕಾಣಿ ಹಿಡಿದು ನಮ್ಮ ಪುರಾಣ, ಇತಿಹಾಸಗಳತ್ತ ತಿರುಗಿಸಿದರು. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ಕ್ಕೆ 11ನೇ ಸಂಖ್ಯೆ ಬಿದ್ದದ್ದು ಹಿಂದಿನ ಆ ಹತ್ತರಿಂದಾಗಿ. ಮುಂದೆ ಕೃಷ್ಣದೇವರಾಯನೂ ತೆನಾಲಿ ರಾಮನೂ ಇದೇ ಮಾಲಿಕೆಯಲ್ಲಿ ಬಂದರು. ಹಂಪಿಯನ್ನು ಜಾತ್ರೆಗೆ ಹೋಗುವ ಊರಾಗಿಯಷ್ಟೇ ಕಂಡಿದ್ದ ನಮ್ಮ ಕಡೆಯ ಮಕ್ಕಳಿಗೆ ಅಲ್ಲೊಬ್ಬ ರಾಜ ಓಡಾಡಿದ್ದ ಎಂಬುದು ಮನಸ್ಸಿಗೆ ನಾಟಿದ್ದು ಪಾಠದಿಂದಲ್ಲ, ಈ ಪುಟಗಳಿಂದ.

ಬರೆದ ಕಲಾವಿದರು ಮಾತ್ರ ನಮ್ಮೂರ ಕಡೆ ಸುಳಿಯಲಿಲ್ಲ. ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಸ್ಮಶಾನದಲ್ಲಿ ನಡೆಯುವ ವಿಕ್ರಮ: ಚಂದಮಾಮದಲ್ಲಿ ಆ ಚಿತ್ರ ಬರೆದ ಶಂಕರ್ ಅವರ ಹೆಸರೂ ಆಗ ನಮಗೆ ಗೊತ್ತಿರಲಿಲ್ಲ. ಕನ್ನಡ ಚಂದಮಾಮ 1949ರಲ್ಲಿ ಆರಂಭವಾಗಿ ಅಚ್ಚಾಗುತ್ತಿದ್ದುದು ಮದರಾಸಿನಲ್ಲಿ. ಅದಕ್ಕೆ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡದವರು. ಅವರು ಮುಂದೆ ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರಕಲೆ ಕಲಿಸತೊಡಗಿದರು. ಚಿತ್ರಶಾಲೆ ಇಲ್ಲದ ಊರುಗಳಿಗೆ ಇದೆಂಥ ಉಪಕಾರ! ಕಲಾವಿದ ಬರಲಾಗದ ಹಳ್ಳಿಗೆ ಆತನ ಪಾಠ ಪೋಸ್ಟ್‌ಮ್ಯಾನ್ ಚೀಲದಲ್ಲಿ ಬರಬಹುದಿತ್ತು. ಆಚಾರ್ಯರ ಮುಖಪುಟಗಳಷ್ಟೇ ಈ ಕೆಲಸವೂ ದೊಡ್ಡದೆಂದು ನನಗನಿಸುತ್ತದೆ.

ಕಲಾವಿದರನ್ನು ಎದುರಿಗೇ ಕಾಣಬೇಕೆಂದರೆ ಇವತ್ತಿಗೂ ಬೆಂಗಳೂರಿಗೇ ಹೋಗಬೇಕು. ಎಂ.ಜಿ. ರಸ್ತೆಯ ಬಳಿ ಮಿಡ್‌ಫೋರ್ಡ್ ಹೌಸ್‌ನಲ್ಲಿ 2007ರಲ್ಲಿ ತೆರೆದ ಇಂಡಿಯನ್ ಕಾರ್ಟೂನ್ ಗ್ಯಾಲರಿಯಲ್ಲಿ ವ್ಯಂಗ್ಯಚಿತ್ರಗಳ ಪ್ರದರ್ಶನಗಳು ನಡೆಯುತ್ತವೆ. ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಮೇಳವೂ 2012ರಿಂದ ಅದೇ ನಗರದಲ್ಲಿ.

ನಮ್ಮ ಕಡೆ ಏನೂ ಇಲ್ಲವೆಂದಲ್ಲ. ಹಂಪಿಯ ಹಜಾರರಾಮ ದೇವಾಲಯದ ಗೋಡೆಯಲ್ಲಿ ಸಾಲು ಸಾಲಾಗಿ ರಾಮಾಯಣವಿದೆ, 15ನೇ ಶತಮಾನದ್ದು. ಪ್ರದಕ್ಷಿಣೆ ಹಾಕುತ್ತ ನೋಡಿದರೆ ಕಥೆ ಜೊತೆಗೇ ಸಾಗುತ್ತದೆ. ಒಂದೆಡೆ ಬಾಲವನ್ನು ಸುರುಳಿ ಸುತ್ತಿ ಅದರ ಮೇಲೇರಿ ರಾವಣನಿಗೆ ಸಮನಾಗಿ ಕೂತ ಹನುಮಂತ. ಇನ್ನೊಂದೆಡೆ ಏಳು ಮರಗಳಿಗೆ ಬಾಣ ಹೂಡಿದ ರಾಮ. ಅದೇ ರಾಮ ಪಕ್ಕದ ಚೌಕಟ್ಟಿನಲ್ಲಿ ಮತ್ತೆ ಬರುತ್ತಾನೆ, ಅದರಾಚೆಯೂ ಬರುತ್ತಾನೆ. ಕಾಮಿಕ್ಸ್ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಂದಮಾಮ ನಿಂತಿದೆ, ಬಾಲಮಂಗಳದ ಚಿತ್ರಕಥೆಯ ನಾಯಕ ಡಿಂಗನೂ ಇಲ್ಲ. ಆ ಕೊರತೆ ತುಂಬಲು ಹಂಪಿ ಉತ್ಸವಕ್ಕೆ ಬರುವ ಕಲಾವಿದರಲ್ಲಿ ಚಿತ್ರಕಥೆ ಬರೆಯುವ ಒಬ್ಬರಾದರೂ ಇರಲಿ. ಹೊಸಪೇಟೆ, ಸಂಡೂರು, ಕಂಪ್ಲಿಯ ಶಾಲೆಗಳ ಮಕ್ಕಳನ್ನು ಹಜಾರರಾಮದ ಗೋಡೆಯ ಮುಂದೆ ಕೂರಿಸಿ, ಒಂದೊಂದು ಚೌಕಟ್ಟಿಗೂ ಕನ್ನಡದಲ್ಲಿ ಮಾತು ಬರೆಸಲಿ.