ಮೊದಲ ಸ್ಪೋರ್ಟ್ಸ್ ಕಾರಿನ ಖರೀದಿ: ನಿರ್ವಹಣಾ ವೆಚ್ಚ ಮತ್ತು ತೆರಿಗೆಯ ಲೆಕ್ಕಾಚಾರ

ವ್ಯವಹಾರದಲ್ಲಿ ಎರಡು ಮೂರು ವರ್ಷ ಒಳ್ಳೆಯ ಲಾಭ ಬಂದ ನಂತರ, ಬಹುಕಾಲದಿಂದ ಮನಸ್ಸಿನಲ್ಲಿದ್ದ ಸ್ಪೋರ್ಟ್ಸ್ ಕಾರನ್ನು ಕೊಳ್ಳಬೇಕೆಂಬ ಆಸೆ ಅನೇಕ ಉದ್ಯಮಿಗಳಲ್ಲಿ ಮೂಡುವುದು ಸಹಜ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಇಂತಹ ಖರೀದಿಯ ಮುನ್ನ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡೇ ವಿಷಯಗಳ ಸುತ್ತ ತಿರುಗುತ್ತದೆ: ಲೀಟರಿಗೆ ಎಷ್ಟು ಕಿ.ಮೀ. ಓಡುತ್ತದೆ, ಮತ್ತು ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆ ಎಷ್ಟು ಉಳಿಯುತ್ತದೆ. ಲೆಕ್ಕಕ್ಕೆ ಕುಳಿತಾಗ ಇವೆರಡೂ ನಿರ್ಣಾಯಕವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಖರೀದಿಯ ದಿನದ ವೆಚ್ಚ

2025ರಲ್ಲಿ ಭಾರತಕ್ಕೆ ಸೀಮಿತ ಸಂಖ್ಯೆಯಲ್ಲಿ ಆಮದಾದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮತ್ತು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರುಗಳ ಷೋರೂಂ ಬೆಲೆ 50 ಲಕ್ಷ ರೂ.ಗಳ ಆಸುಪಾಸಿನಲ್ಲಿತ್ತು. ಆದ್ದರಿಂದ 50 ಲಕ್ಷ ರೂ.ಗಳ ಕಾರನ್ನೇ ಉದಾಹರಣೆಯಾಗಿ ಪರಿಗಣಿಸಬಹುದು.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಬದಲಾವಣೆಯಂತೆ ಕಾರುಗಳ ಮೇಲಿನ ಪರಿಹಾರ ಉಪಕರ ರದ್ದಾಗಿ, ದೊಡ್ಡ ಕಾರುಗಳಿಗೆ ಶೇ. 40ರ ಜಿಎಸ್‌ಟಿ ನಿಗದಿಯಾಯಿತು. ಅಂದರೆ 50 ಲಕ್ಷ ರೂ.ಗಳಲ್ಲಿ ಸುಮಾರು 14.29 ಲಕ್ಷ ರೂ. ಜಿಎಸ್‌ಟಿಯೇ ಆಗಿದೆ. ಇದರ ಮೇಲೆ ಕರ್ನಾಟಕದಲ್ಲಿ 20 ಲಕ್ಷ ರೂ. ಮೀರಿದ ಕಾರಿಗೆ ಶೇ. 18ರ ಜೀವಾವಧಿ ತೆರಿಗೆ, ಅದರ ಮೇಲೆ ಉಪಕರ. ಇಷ್ಟಕ್ಕೇ ಕಾರಿನ ವೆಚ್ಚ 60 ಲಕ್ಷ ರೂ.ಗಳನ್ನು ಮುಟ್ಟುತ್ತದೆ. ಮಾರಾಟಗಾರರು ವಸೂಲು ಮಾಡುವ ಶೇ. 1ರ ಟಿ.ಸಿ.ಎಸ್. ಮಾತ್ರ ವೆಚ್ಚವಲ್ಲ, ಅದು ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ.

ವಾರ್ಷಿಕ ವೆಚ್ಚದ ನಿಜ ಚಿತ್ರ

ಐದು ವರ್ಷಗಳ ನಂತರ ಈ ಕಾರಿಗೆ 25 ಲಕ್ಷ ರೂ. ಬರುವುದೆಂದೂ, ವರ್ಷಕ್ಕೆ 8,000 ಕಿ.ಮೀ. ಓಡುವುದೆಂದೂ, ಲೀಟರಿಗೆ 10 ಕಿ.ಮೀ. ಕೊಡುವುದೆಂದೂ, ಪೆಟ್ರೋಲ್ ದರ 105 ರೂ. ಎಂದೂ, ಬಂಡವಾಳದ ಬಡ್ಡಿ ಶೇ. 10 ಎಂದೂ ಇಟ್ಟುಕೊಳ್ಳೋಣ. ವಿಮೆ, ಟೈರು, ದುರಸ್ತಿಗಳ ಮೊತ್ತವೂ ಅಂದಾಜಿನದೇ. ವಾರ್ಷಿಕ ಸರಾಸರಿ ಹೀಗಿರುತ್ತದೆ:

ಮೌಲ್ಯದ ಇಳಿಕೆ (35 ಲಕ್ಷ ÷ 5): 7,00,000 ರೂ.
ಸರಾಸರಿ 42.5 ಲಕ್ಷ ರೂ. ಬಂಡವಾಳದ ಮೇಲಿನ ಬಡ್ಡಿ: 4,25,000 ರೂ.
ವಿಮೆ: 1,20,000 ರೂ.
ಪೆಟ್ರೋಲ್ (800 ಲೀಟರ್): 84,000 ರೂ.
ಸರ್ವಿಸ್ ಮತ್ತು ದುರಸ್ತಿ: 60,000 ರೂ.
ಟೈರು: 26,000 ರೂ.
ಒಟ್ಟು: 14,15,000 ರೂ.

ಅಂದರೆ ಪ್ರತಿ ಕಿ.ಮೀ.ಗೆ ಸುಮಾರು 177 ರೂ. ಇದರಲ್ಲಿ ಪೆಟ್ರೋಲಿನ ಪಾಲು ಶೇ. 6ಕ್ಕಿಂತಲೂ ಕಡಿಮೆ. ಮೌಲ್ಯದ ಇಳಿಕೆ ಮತ್ತು ಬಡ್ಡಿ ಇವೆರಡೇ ಒಟ್ಟು ವೆಚ್ಚದ ಶೇ. 80ರಷ್ಟಾಗುತ್ತವೆ. ಸಾಲವಿಲ್ಲದೆ ಸ್ವಂತ ಹಣದಿಂದಲೇ ಕೊಂಡರೂ ಬಡ್ಡಿಯ ಲೆಕ್ಕ ತಪ್ಪುವುದಿಲ್ಲ. ಆ ಹಣ ಓವರ್‌ಡ್ರಾಫ್ಟ್ ಖಾತೆಯಲ್ಲಿದ್ದರೆ ಅಷ್ಟು ಬಡ್ಡಿ ಉಳಿಯುತ್ತಿತ್ತು.

ಐದು ವರ್ಷ ಹಳೆಯದಾದ ಅದೇ ದರ್ಜೆಯ ಕಾರನ್ನು 25 ಲಕ್ಷ ರೂ.ಗೆ ಕೊಂಡು, ಮತ್ತೆ ಐದು ವರ್ಷಗಳ ನಂತರ 12 ಲಕ್ಷ ರೂ.ಗೆ ಮಾರಿದರೆ ಚಿತ್ರವೇ ಬೇರೆ. ದುರಸ್ತಿಗೆ ವರ್ಷಕ್ಕೆ 1,50,000 ರೂ., ವಿಮೆಗೆ 70,000 ರೂ. ಎಂದು ಹಿಡಿದರೂ ವಾರ್ಷಿಕ ಒಟ್ಟು ವೆಚ್ಚ ಸುಮಾರು 7.75 ಲಕ್ಷ ರೂ., ಅಂದರೆ ಕಿ.ಮೀ.ಗೆ 97 ರೂ. ದುರಸ್ತಿ ವೆಚ್ಚ ಎರಡೂವರೆ ಪಟ್ಟಾದರೂ ಒಟ್ಟು ಹೊರೆ ಅರ್ಧದ ಸಮೀಪಕ್ಕೆ ಇಳಿಯುತ್ತದೆ. ಆದರೆ ಹೊರ ರಾಜ್ಯದಲ್ಲಿ ನೋಂದಣಿಯಾದ ಕಾರನ್ನು ಅಗ್ಗವೆಂದು ತಂದರೆ, ಇಲ್ಲಿ ಮರುನೋಂದಣಿಯ ವೇಳೆ ತೆರಬೇಕಾದ ಜೀವಾವಧಿ ತೆರಿಗೆಯನ್ನೂ ಕೊಳ್ಳುವ ಬೆಲೆಗೆ ಸೇರಿಸಿಕೊಂಡೇ ಹೋಲಿಸಬೇಕು.

ವಿಮೆಯಲ್ಲಿ ಗಮನಿಸಬೇಕಾದುದು

ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಕೊಳ್ಳುವುದು 2018ರ ಸೆಪ್ಟೆಂಬರ್‌ನಿಂದ ಕಡ್ಡಾಯವಾಯಿತು. ನಿಜವಾದ ಅಪಾಯವಿರುವುದು ಸ್ವಂತ ಹಾನಿಯ ಭಾಗದಲ್ಲಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ. ನೆಲಕ್ಕೆ ಹತ್ತಿರವಾಗಿರುವ ಸ್ಪೋರ್ಟ್ಸ್ ಕಾರಿನಲ್ಲಿ ನಮ್ಮ ರಸ್ತೆಯ ಉಬ್ಬುಗಳಿಗೆ ಮೊದಲು ಬಲಿಯಾಗುವುದು ಬಂಪರ್‌ನಂತಹ ಪ್ಲಾಸ್ಟಿಕ್ ಭಾಗಗಳೇ. ಆದುದರಿಂದ ಸವಕಳಿ ರಹಿತ ರಕ್ಷಣೆ ಮತ್ತು ಮಳೆಗಾಲದ ದೃಷ್ಟಿಯಿಂದ ಎಂಜಿನ್ ರಕ್ಷಣೆ, ಇವೆರಡನ್ನೂ ಪಡೆಯುವುದು ವಿವೇಕ. ಆಮದು ಕಾರಿನ ಬಿಡಿಭಾಗಗಳಿಗೆ ಕಾಯಬೇಕಾದ ಅವಧಿಯನ್ನೂ ಮೊದಲೇ ವಿಚಾರಿಸಬೇಕು.

ತೆರಿಗೆ ಉಳಿತಾಯ ಎಷ್ಟು?

ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಕ್ಕೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ವಾಹನಗಳ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ಮುಂತಾದ ವ್ಯವಹಾರಗಳಿಗೆ ಮಾತ್ರ ವಿನಾಯಿತಿ. ಅಂತಹ ಕಾರಿನ ವಿಮೆ ಮತ್ತು ದುರಸ್ತಿಯ ಮೇಲಿನ ಜಿಎಸ್‌ಟಿಗೂ ಇದೇ ನಿರ್ಬಂಧ. ಜಮೆ ಸಿಗದ ತೆರಿಗೆಯನ್ನು ಕಾರಿನ ವೆಚ್ಚಕ್ಕೆ ಸೇರಿಸಿ ಸವಕಳಿ ಪಡೆಯಬಹುದೆಂಬುದಷ್ಟೇ ಸಮಾಧಾನ.

ಆದಾಯ ತೆರಿಗೆಯಲ್ಲಿ ಕಾರಿನ ಸವಕಳಿ ದರ ಶೇ. 15. ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರರ್ಧ. 60 ಲಕ್ಷ ರೂ.ಗಳ ಮೇಲೆ ಪೂರ್ಣ ವರ್ಷಕ್ಕೆ 9 ಲಕ್ಷ ರೂ. ಆದರೆ ಸ್ವಂತ ಬಳಕೆಯ ಪಾಲನ್ನು ಕಡಿತಗೊಳಿಸಬೇಕಾಗುತ್ತದೆ. ಎರಡು ಬಾಗಿಲಿನ ಕಾರು ಪೂರ್ತಿಯಾಗಿ ವ್ಯವಹಾರಕ್ಕೇ ಎಂದು ಅಧಿಕಾರಿಗಳಿಗೆ ಮನವರಿಕೆ ಮಾಡುವುದು ಸುಲಭವಲ್ಲ. ಅರ್ಧ ಬಳಕೆ ಒಪ್ಪಿತವಾದರೆ, ಶೇ. 31.2ರ ದರದಲ್ಲಿ ತೆರಿಗೆ ತೆರುವ ಪಾಲುದಾರಿಕೆ ಸಂಸ್ಥೆಗೆ ಸವಕಳಿಯಿಂದ ಮೊದಲ ವರ್ಷ ಉಳಿಯುವುದು ಸುಮಾರು 1.40 ಲಕ್ಷ ರೂ. ಮಾತ್ರ. ವಹಿವಾಟಿನ ಶೇಕಡಾವಾರು ಲಾಭವನ್ನು ಘೋಷಿಸಿ ಊಹಾತ್ಮಕ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗಂತೂ ಪ್ರತ್ಯೇಕ ಸವಕಳಿಯ ಪ್ರಶ್ನೆಯೇ ಇಲ್ಲ. ಅವರಿಗೆ ಉಳಿತಾಯ ಸೊನ್ನೆ.

ಸವಕಳಿ ಪಡೆದ ಸಂಸ್ಥೆ ಕಾರನ್ನು ಮಾರುವಾಗ, ಇಳಿಕೆಯಾದ ಲೆಕ್ಕಮೌಲ್ಯಕ್ಕಿಂತ ಹೆಚ್ಚು ಬಂದ ಮೊತ್ತದ ಮೇಲೆ ಜಿಎಸ್‌ಟಿ ತೆರಬೇಕು; ಹೆಚ್ಚು ಬಾರದಿದ್ದರೆ ಇಲ್ಲ. 2025ರ ಜನವರಿಯಿಂದ ಎಲ್ಲ ಬಳಸಿದ ಕಾರುಗಳಿಗೂ ಈ ದರ ಶೇ. 18 ಆಯಿತು.

ಇದೇ ಮೊತ್ತದ ಯಂತ್ರದೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಯಂತ್ರಕ್ಕೂ ಸಾಮಾನ್ಯ ಸವಕಳಿ ಶೇ. 15. ಆದರೆ 50 ಲಕ್ಷ ರೂ.ಗಳ ಯಂತ್ರದ ಮೇಲೆ ಶೇ. 18ರಂತೆ ತೆತ್ತ 9 ಲಕ್ಷ ರೂ. ಜಿಎಸ್‌ಟಿ ಜಮೆಯಾಗಿ ಮರಳುತ್ತದೆ, ಯಂತ್ರ ದುಡಿಯುತ್ತದೆ. ಕಾರಿನಲ್ಲಿ ಇವೆರಡೂ ಇಲ್ಲ.

ನಿರ್ಧಾರಕ್ಕೆ ಮುನ್ನ

ಉಳಿತಾಯದ ಆಸೆಯಿಂದ ಸ್ಪೋರ್ಟ್ಸ್ ಕಾರನ್ನು ಸಂಸ್ಥೆಯ ಲೆಕ್ಕಕ್ಕೆ ತರುವುದಕ್ಕಿಂತ, ತೆರಿಗೆ ಕಟ್ಟಿ ಉಳಿದ ಸ್ವಂತ ಹಣದಿಂದ ಕೊಳ್ಳುವುದು ಹಲವರಿಗೆ ಲೇಸು. ವಾರ್ಷಿಕ ವೆಚ್ಚವು ಮನೆಖರ್ಚು ಕಳೆದು ಉಳಿಯುವ ಹಣದಿಂದಲೇ ನಡೆಯುವಂತಿರಬೇಕು, ಸರಬರಾಜುದಾರರ ಬಾಕಿ ತಡವಾಗುವಂತಿರಬಾರದು. ಮೊದಲ ಬಾರಿಗೆ ಕೊಳ್ಳುವವರು ಬಳಸಿದ ಕಾರನ್ನು ಪರಿಶೀಲಿಸಬಹುದು. ಅಥವಾ 4 ಮೀಟರ್ ಉದ್ದ ಹಾಗೂ 1,200 ಸಿಸಿ ಮಿತಿಯೊಳಗಿದ್ದು ಶೇ. 18ರ ಜಿಎಸ್‌ಟಿ ಗುಂಪಿಗೆ ಸೇರುವ, ಹುಂಡೈ ಐ20 ಎನ್ ಲೈನ್‌ನಂತಹ ಚುರುಕಾದ ಸಣ್ಣ ಟರ್ಬೊ ಕಾರಿನಿಂದ ಆರಂಭಿಸಬಹುದು. ಮುಂಗಡ ಕೊಡುವ ಮುನ್ನ ಮೇಲಿನ ಪಟ್ಟಿಯನ್ನು ತಮ್ಮದೇ ಅಂಕಿಗಳಿಂದ ತುಂಬಿ ನೋಡಿದರೆ, ಯಾವ ಕಾರು ತಮ್ಮ ಶಕ್ತಿಗೆ ತಕ್ಕುದೆಂಬುದು ತಾನಾಗಿಯೇ ತಿಳಿಯುತ್ತದೆ.