ಗರಿಯ ಗುರುತು

ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಉದ್ಯಾನಗಳಲ್ಲಿಯೂ ಸಮೀಪದ ಲಾಲ್‌ಬಾಗಿನಲ್ಲಿಯೂ ಬಗೆಬಗೆಯ ಹಾಡುಹಕ್ಕಿಗಳುಂಟು. ಹುಂಜ ಯಾವುದು, ಹೇಂಟೆ ಯಾವುದು ಎಂಬುದನ್ನು ಚಿಕ್ಕ ಮಗುವೂ ಹೇಳಬಲ್ಲದು. ಹಾಡುಹಕ್ಕಿಗಳಲ್ಲಿ ಗಂಡುಹೆಣ್ಣುಗಳನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಗರಿಗಳ ಬಣ್ಣ ಇದಕ್ಕೆ ನೆರವಾಗುತ್ತದೆ. ಆದರೆ ಋತುವನ್ನೂ ಪ್ರಾಯವನ್ನೂ ಗಮನಿಸದವರನ್ನು ಅದೇ ಬಣ್ಣ ದಾರಿ ತಪ್ಪಿಸುತ್ತದೆ.

ಮಡಿವಾಳ ಹಕ್ಕಿಯಲ್ಲಿ ಈ ಭೇದ ಸ್ಪಷ್ಟವಾಗಿದೆ. ಗಂಡಿನ ತಲೆ, ಬೆನ್ನು, ಎದೆಗಳು ಹೊಳೆಯುವ ಕಪ್ಪು. ಹೊಟ್ಟೆಯೂ ರೆಕ್ಕೆಯ ಪಟ್ಟೆಯೂ ಬಿಳುಪು. ಹೆಣ್ಣಿನ ಮೈಯ ವಿನ್ಯಾಸವೂ ಇದೇ. ಆದರೆ ಗಂಡಿನಲ್ಲಿ ಕಪ್ಪಿರುವೆಡೆ ಹೆಣ್ಣಿನಲ್ಲಿ ಬೂದುಬಣ್ಣವಿರುತ್ತದೆ.

ನೇರಳೆ ಸೂರಕ್ಕಿಯ ಬಗೆ ಬೇರೆ. ಹೂವುಗಳ ಮಕರಂದ ಹೀರುವ ಈ ಪುಟ್ಟ ಹಕ್ಕಿಯ ಗಂಡು ನೆರಳಿನಲ್ಲಿ ಕಪ್ಪಾಗಿ ಕಾಣುತ್ತದೆ. ಬಿಸಿಲು ಬಿದ್ದೊಡನೆ ನೇರಳೆ, ನೀಲಿ ಛಾಯೆಗಳಿಂದ ಥಳಥಳಿಸುತ್ತದೆ. ಹೆಣ್ಣಿನ ಬೆನ್ನು ಕಂದು, ಹೊಟ್ಟೆ ಮಂಕು ಹಳದಿ. ಮರಿಮಾಡುವ ಕಾಲ ಕಳೆದ ಮೇಲೆ ಗಂಡು ತನ್ನ ಬೆಡಗಿನ ಗರಿಗಳನ್ನು ಉದುರಿಸಿ ಹೆಣ್ಣನ್ನೇ ಹೋಲತೊಡಗುತ್ತದೆ. ಆಗ ಗದ್ದದಿಂದ ಹೊಟ್ಟೆಯವರೆಗೆ ಇಳಿಯುವ ಕಪ್ಪು ಪಟ್ಟೆಯೇ ಅದರ ಗುರುತು. ಎಳೆಯ ಗಂಡುಗಳೂ ಹೆಣ್ಣಿನಂತೆಯೇ ಕಾಣುತ್ತವೆ. ಬಣ್ಣವೊಂದನ್ನೇ ನಂಬಿ ಹಕ್ಕಿಗಳನ್ನು ಎಣಿಸುವವನ ಲೆಕ್ಕ ತಪ್ಪುತ್ತದೆ. ಆ ಲೆಕ್ಕದಿಂದ ಎಷ್ಟು ಜೋಡಿಗಳು ಉಳಿದಿವೆಯೆಂಬುದು ತಿಳಿಯುವುದಿಲ್ಲ.

ಗಂಡಿಗೇಕೆ ಈ ಬೆಡಗು? ಹೆಣ್ಣುಗಳು ಅಂದವಾದ ಗಂಡುಗಳನ್ನು ಆರಿಸಿಕೊಳ್ಳುತ್ತ ಬಂದುದರಿಂದ ತಲೆತಲಾಂತರದಲ್ಲಿ ಅವುಗಳ ವರ್ಣ ಉಜ್ವಲವಾಯಿತೆಂದು ಚಾರ್ಲ್ಸ್ ಡಾರ್ವಿನ್ 1871ರಲ್ಲಿ ವಿವರಿಸಿದನು. ಕಾವು ಕೂರುವ ಹೆಣ್ಣನ್ನು ಶತ್ರುಗಳ ಕಣ್ಣಿನಿಂದ ಮರೆಮಾಡಲು ಮಂಕುಬಣ್ಣವೇ ರಕ್ಷೆಯೆಂಬುದನ್ನು ಅವನ ಸಮಕಾಲೀನನಾದ ವಾಲೇಸ್ ಒತ್ತಿ ಹೇಳಿದನು.

ಕೋಗಿಲೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಳಕೆಯಲ್ಲಿದೆ. ಶಾಸ್ತ್ರದ ಪ್ರಕಾರ ಅದು ಹಾಡುಹಕ್ಕಿಗಳ ಗುಂಪಿಗೆ ಸೇರದಿದ್ದರೂ ಇಂಪಿಗೆ ಹೆಸರಾದುದು. ಗಾಯಕಿಯರನ್ನು ನಾವು ಗಾನಕೋಗಿಲೆಯೆಂದು ಹೊಗಳುತ್ತೇವೆ. ಆದರೆ ವಸಂತದಲ್ಲಿ ‘ಕುಹೂ’ ಎಂದು ಕೂಗುವುದು ಕಪ್ಪುಬಣ್ಣದ ಗಂಡು. ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳುಳ್ಳ ಹೆಣ್ಣನ್ನು ಕಂಡ ಎಷ್ಟೋ ಮಂದಿ ಅದನ್ನು ಬೇರೊಂದು ಹಕ್ಕಿಯೆಂದೇ ಭಾವಿಸುತ್ತಾರೆ.

ಕೆಮ್ಮೀಸೆಯ ಪಿಕಳಾರದಲ್ಲಿಯಂತೂ ಗಂಡಿಗೂ ಹೆಣ್ಣಿಗೂ ಒಂದೇ ಜುಟ್ಟು, ಒಂದೇ ಬಣ್ಣ. ಅಲ್ಲಿ ಗರಿಯ ಗುರುತು ಸಾಲದು. ಜೋಡಿಯ ನಡೆನುಡಿಗಳನ್ನು ಬಹುಕಾಲ ಗಮನಿಸಬೇಕು. ಬಣ್ಣ ಕಣ್ಣಿಗೆ ಸುಳಿವನ್ನಷ್ಟೇ ನೀಡುತ್ತದೆ. ನಿಜವನ್ನು ತಿಳಿಸುವುದು ತಾಳ್ಮೆಯ ವೀಕ್ಷಣೆ.