ವಿಕಿಪೀಡಿಯದ ಹೊಸ ಸಂಪಾದಕರು ಮತ್ತು ಗಡಿನಾಡ ಕನ್ನಡದ ಆಕರಗಳು

ಭಾಷಾಶಾಸ್ತ್ರವನ್ನೋ ಇತಿಹಾಸವನ್ನೋ ದಶಕಗಳ ಕಾಲ ಬೋಧಿಸಿದ ವಿದ್ವಾಂಸರು ಮೊದಲ ಬಾರಿಗೆ ವಿಕಿಪೀಡಿಯದಲ್ಲಿ ಖಾತೆ ತೆರೆದು ಬರೆಯತೊಡಗಿದಾಗ ಎದುರಾಗುವ ತೊಡಕು ಬಹುಮಟ್ಟಿಗೆ ತಾಂತ್ರಿಕವಾದುದಲ್ಲ. ಪುಟವನ್ನು ತೆರೆಯುವುದು, ತಿದ್ದುವುದು, ಉಳಿಸುವುದು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಕೆಲಸಗಳು. ಕಾಲ ಬೇಡುವ ಪಾಠ ಬೇರೆಯೇ ಇದೆ. ಬರೆಯುವವರ ಪಾಂಡಿತ್ಯವನ್ನು ಅಲ್ಲಿ ಪ್ರಮಾಣವೆಂದು ಒಪ್ಪುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಂಥ ಮುದ್ರಿತ ಕೋಶಗಳು ವಿಷಯತಜ್ಞರನ್ನು ಆರಿಸಿ ಲೇಖನ ಬರೆಸಿದವು. ಓದುಗನ ನಂಬಿಕೆಗೆ ಆ ತಜ್ಞರ ಹೆಸರೇ ಆಧಾರವಾಗಿತ್ತು. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾಗಿ, 2003ರಲ್ಲಿ ಕನ್ನಡಕ್ಕೂ ಬಂದ ವಿಕಿಪೀಡಿಯದಲ್ಲಿ ಬರೆದವರು ಯಾರೆಂಬುದಕ್ಕಿಂತ, ಬರೆದ ವಾಕ್ಯದ ಹಿಂದೆ ಯಾವ ಪ್ರಕಟಿತ ಆಕರವಿದೆ ಎಂಬುದೇ ಮುಖ್ಯ.

ಇದರಿಂದ ಹುಟ್ಟುವ ನಿಯಮವೊಂದು ಸಂಶೋಧಕರಿಗೆ ವಿಪರೀತವೆನಿಸುತ್ತದೆ: ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಹೊಸೂರು ಸೀಮೆಯ ಹಳ್ಳಿಗಳಲ್ಲಿ ಹತ್ತು ವರ್ಷ ಅಲೆದು ಅಲ್ಲಿನ ಕನ್ನಡವನ್ನು ಧ್ವನಿಮುದ್ರಿಸಿಕೊಂಡ ವಿದ್ವಾಂಸರೊಬ್ಬರು ಆ ಟಿಪ್ಪಣಿಗಳನ್ನು ನೇರವಾಗಿ ವಿಕಿಪೀಡಿಯದ ಲೇಖನಕ್ಕೆ ಸೇರಿಸಿದರೆ, ಅವು ಎಷ್ಟೇ ನಿಖರವಾಗಿದ್ದರೂ, ಆಧಾರವಿಲ್ಲವೆಂದು ಇನ್ನೊಬ್ಬ ಸಂಪಾದಕ ಅವುಗಳನ್ನು ತೆಗೆದುಹಾಕಬಹುದು. ಆ ಇನ್ನೊಬ್ಬ ಸಂಪಾದಕ ಪದವಿ ತರಗತಿಯ ವಿದ್ಯಾರ್ಥಿಯಾಗಿರಬಹುದು. ನಿಯಮದ ದೃಷ್ಟಿಯಲ್ಲಿ ಅವನು ಮಾಡಿದ್ದು ಸರಿ. ಅದೇ ಟಿಪ್ಪಣಿಗಳು ವಿದ್ವತ್ ಪತ್ರಿಕೆಯೊಂದರಲ್ಲಿ ಪರಿಶೀಲನೆಗೊಂಡು ಪ್ರಕಟವಾದರೆ ಆ ವಿದ್ಯಾರ್ಥಿಯೇ ಅವನ್ನು ಸಂತೋಷದಿಂದ ಉಲ್ಲೇಖಿಸಬಲ್ಲನು. ವಿಶ್ವಕೋಶವೆಂಬುದು ಜ್ಞಾನ ಮೊದಲು ಕಾಣಿಸಿಕೊಳ್ಳುವ ಸ್ಥಳವಲ್ಲ, ಬೇರೆಡೆ ಕಾಣಿಸಿಕೊಂಡ ಜ್ಞಾನವನ್ನು ಒಟ್ಟುಗೂಡಿಸುವ ಸ್ಥಳ ಎಂಬ ತತ್ತ್ವ ಇದರ ಹಿಂದಿದೆ.

ತಮ್ಮದೇ ಪುಸ್ತಕವನ್ನು ತಾವೇ ಉಲ್ಲೇಖಿಸುವುದು ನಿಷಿದ್ಧವಲ್ಲ; ಆದರೆ ಹೊಸಬರ ಮೊದಲ ಹತ್ತು ತಿದ್ದುಪಡಿಗಳೂ ಒಂದೇ ಲೇಖಕರ ಕೃತಿಗಳನ್ನು ಸೇರಿಸಲು ಬಳಕೆಯಾದರೆ ಅನುಮಾನ ಹುಟ್ಟುವುದು ಸಹಜ. ಇಂಥ ಸಂದರ್ಭದಲ್ಲಿ ಲೇಖನದ ಚರ್ಚೆ ಪುಟದಲ್ಲಿ ತಮ್ಮ ಸಂಬಂಧವನ್ನು ತಿಳಿಸಿ, ಸೇರಿಸುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಮೇಲು.

ತಟಸ್ಥ ದೃಷ್ಟಿಕೋನದ ನಿಯಮ ಗಡಿನಾಡಿನ ವಿಷಯಗಳಲ್ಲಿ ಇನ್ನಷ್ಟು ಕಠಿಣವಾಗುತ್ತದೆ. ಕಾಸರಗೋಡಿನ ಲೇಖನವನ್ನೇ ನೋಡಬಹುದು. ಅದು 1956ರ ನವೆಂಬರ್ 1ರಿಂದ ಕೇರಳದಲ್ಲಿದೆ. ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಶಿಫಾರಸು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇವಿಷ್ಟನ್ನೂ ಆಧಾರಸಹಿತವಾಗಿ ಬರೆಯಲು ಅಡ್ಡಿಯಿಲ್ಲ. ‘ಅನ್ಯಾಯವಾಗಿ ಕೇರಳಕ್ಕೆ ಸೇರಿದ ನೆಲ’ ಎಂದು ಬರೆದರೆ ಮಾತ್ರ ಆ ವಾಕ್ಯ ಸಂಜೆಯವರೆಗೂ ಉಳಿಯಲಾರದು. ಅನ್ಯಾಯವೆಂಬ ಅಭಿಪ್ರಾಯ ಯಾರದು, ಎಲ್ಲಿ ಪ್ರಕಟವಾಯಿತು ಎಂಬುದನ್ನು ಹೇಳಿ, ಅದನ್ನು ಅವರ ಅಭಿಪ್ರಾಯವೆಂದೇ ದಾಖಲಿಸಿದಾಗ ಅದಕ್ಕೂ ಲೇಖನದಲ್ಲಿ ಸ್ಥಾನ ದೊರೆಯುತ್ತದೆ. ಕಾಸರಗೋಡಿನ ಲೇಖನ ಕನ್ನಡ, ಮಲಯಾಳ, ಇಂಗ್ಲಿಷ್ ಆವೃತ್ತಿಗಳಲ್ಲಿ ಪ್ರತ್ಯೇಕವಾಗಿ ಬೆಳೆಯುವುದರಿಂದ, ಎರಡು ಭಾಷೆ ಬಲ್ಲ ಸಂಪಾದಕರು ಒಂದರ ಒಲವನ್ನು ಇನ್ನೊಂದರ ಬೆಳಕಿನಲ್ಲಿ ಗುರುತಿಸಬಲ್ಲರು. ಗಡಿನಾಡಿನ ದ್ವಿಭಾಷಿಕರಿಗೆ ಇದು ಸಹಜವಾಗಿ ಒದಗಿದ ಅನುಕೂಲ.

ನೀಲಗಿರಿಯ ಬಡಗ ನುಡಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಜನಗಣತಿಯು ಅದನ್ನು ಕನ್ನಡದ ಅಡಿಯಲ್ಲಿ ವರ್ಗೀಕರಿಸುತ್ತದೆ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೆಶೂರ್ ಅವರ ಬಡಗ–ಇಂಗ್ಲಿಷ್ ನಿಘಂಟು ಅದನ್ನು ತನ್ನದೇ ಹೆಸರಿನಿಂದ ಕಾಣುತ್ತದೆ. ಭಾಷೆಯೋ ಉಪಭಾಷೆಯೋ ಎಂಬ ತೀರ್ಪನ್ನು ಸಂಪಾದಕರು ನೀಡುವಂತಿಲ್ಲ. ಯಾರು ಹೇಗೆ ವರ್ಗೀಕರಿಸಿದ್ದಾರೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗಬೇಕು. ತರಗತಿಯಲ್ಲಿ ತೀರ್ಪು ನೀಡಿ ಅಭ್ಯಾಸವಾದವರಿಗೆ ಈ ಮೌನವೇ ಎಲ್ಲಕ್ಕಿಂತ ಕಷ್ಟ.

ಶೈಲಿಯ ವಿಷಯದಲ್ಲಿ ಕನ್ನಡದ ಹೊಸಬರನ್ನು ಕಾಡುವುದು ಅಭಿನಂದನ ಗ್ರಂಥದ ಭಾಷೆ. ‘ಕನ್ನಡಮ್ಮನ ಹೆಮ್ಮೆಯ ಪುತ್ರಿ’, ‘ಮೇರು ವ್ಯಕ್ತಿತ್ವ’ ಎಂಬಂಥ ಮಾತುಗಳಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು, ಕನ್ನಡ ಮರಾಠಿಗಳೆರಡರಲ್ಲೂ ಬರೆದರು ಎಂಬ ಮೂರು ಸಂಗತಿಗಳು ಯಾವ ವಿಶೇಷಣಕ್ಕಿಂತಲೂ ಹೆಚ್ಚು ಹೇಳುತ್ತವೆ. ಅಭಿನಂದನ ಗ್ರಂಥಗಳು ಆಕರಗಳಾಗಿ ಪೂರ್ತಿ ತ್ಯಾಜ್ಯವೇನೂ ಅಲ್ಲ. ಜನ್ಮದಿನಾಂಕ, ಹುದ್ದೆ, ಕೃತಿಪಟ್ಟಿಗಳಿಗೆ ಅವು ಸಾಕು, ಮೌಲ್ಯಮಾಪನಕ್ಕೆ ಸಾಲವು.

ಕೆಲಸ ಕಲಿಯುವ ಬಗೆ ಸರಳವಾದುದು. ಖಾತೆಯೊಂದಿಗೆ ಪ್ರಯೋಗಪುಟವೊಂದು ದೊರೆಯುತ್ತದೆ. ಕರಡನ್ನು ಅಲ್ಲಿ ಬರೆದು ಪಕ್ವವಾದ ಬಳಿಕ ಮುಖ್ಯ ಲೇಖನವಾಗಿಸಬಹುದು. ಆದರೆ ಹೊಸ ಲೇಖನದಿಂದಲೇ ತೊಡಗುವುದಕ್ಕಿಂತ, ‘ಚುಟುಕು’ ಎಂದು ಗುರುತಿಸಲಾದ ಪುಟ್ಟ ಲೇಖನವೊಂದಕ್ಕೆ ಎರಡು ಉಲ್ಲೇಖಗಳನ್ನು ಸೇರಿಸುವುದು ಉತ್ತಮ ಆರಂಭ. ಆಂಧ್ರಪ್ರದೇಶದಲ್ಲಿ 2022ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾಗಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇಂಥ ಬದಲಾವಣೆಯಾದಾಗ ಹಳೆಯ ಜಿಲ್ಲೆಯ ಹೆಸರು ಉಳಿದ ಪುಟಗಳನ್ನು ಹುಡುಕಿ ತಿದ್ದುವುದೂ ಸಾರ್ಥಕವಾದ ಮೊದಲ ಕೆಲಸವೇ. ಪ್ರತಿ ತಿದ್ದುಪಡಿಗೂ ಒಂದು ಸಾಲಿನ ಸಾರಾಂಶ ಬರೆಯಬೇಕು. ಹಿಂದಿನ ಆವೃತ್ತಿಗಳೆಲ್ಲ ಇತಿಹಾಸ ಪುಟದಲ್ಲಿ ಉಳಿದಿರುವುದರಿಂದ ಸಾಮಾನ್ಯವಾಗಿ ಯಾವ ತಪ್ಪೂ ಸರಿಪಡಿಸಲಾಗದ್ದಲ್ಲ. ತಾವು ಬರೆದದ್ದು ಅಳಿದುಹೋದರೆ ಮತ್ತೆ ಮತ್ತೆ ಅದನ್ನೇ ಸೇರಿಸುವ ಹಟಕ್ಕೆ ಬೀಳದೆ ಚರ್ಚೆ ಪುಟಕ್ಕೆ ಹೋಗಬೇಕು. ಸಮುದಾಯದ ಒಟ್ಟು ಮಾತುಕತೆಗೆ ಕನ್ನಡ ವಿಕಿಪೀಡಿಯ ಇಟ್ಟುಕೊಂಡ ಹೆಸರು ‘ಅರಳಿಕಟ್ಟೆ’. ಅಲ್ಲಿ ಕೇಳಿದ ಪ್ರಶ್ನೆಗೆ ಹಳಬರಾರಾದರೂ ಉತ್ತರಿಸುತ್ತಾರೆ.

ಲಿಪಿಯ ತೊಡಕೂ ಇದೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪ್ರಬಂಧಗಳನ್ನು ಯುನಿಕೋಡಿಗೆ ಪರಿವರ್ತಿಸದೆ ಬಳಸಲಾಗದು. ಪರಿವರ್ತಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಊರ ಹೆಸರುಗಳ ಕಥೆ ಬೇರೆ. ಸೊಲ್ಲಾಪುರ, ಸೋಲಾಪುರ, ಅಕ್ಕಲಕೋಟೆ, ಅಕ್ಕಲಕೋಟ. ಒಂದನ್ನು ಶೀರ್ಷಿಕೆಯಾಗಿಸಿ ಉಳಿದವುಗಳಿಂದ ಅದಕ್ಕೆ ಪುನರ್ನಿರ್ದೇಶನ ಕೊಟ್ಟರೆ ಹುಡುಕುವವರಿಗೆ ಎಲ್ಲ ದಾರಿಗಳೂ ತೆರೆದಿರುತ್ತವೆ.

ಇಷ್ಟಾದರೂ ಮೂಲಭೂತ ಪ್ರಶ್ನೆಯೊಂದು ಉಳಿಯುತ್ತದೆ. ಅಚ್ಚಾಗದ ಜ್ಞಾನದ ಗತಿಯೇನು? 2011ರಲ್ಲಿ ಅಚಲ್ ಪ್ರಭಲ ಅವರು ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳ ವಿಕಿಪೀಡಿಯ ಸಂಪಾದಕರೊಡನೆ ಕೈಗೊಂಡ ಯೋಜನೆಯಲ್ಲಿ ಮೌಖಿಕ ಹೇಳಿಕೆಗಳನ್ನು ಧ್ವನಿಮುದ್ರಿಸಿ ಅವನ್ನೇ ಆಕರವಾಗಿ ಉಲ್ಲೇಖಿಸುವ ಪ್ರಯೋಗ ನಡೆಯಿತು. ಅದು ಚರ್ಚೆಯನ್ನು ಎಬ್ಬಿಸಿತೇ ಹೊರತು ಒಪ್ಪಿತ ಪದ್ಧತಿಯಾಗಲಿಲ್ಲ. ಹೀಗಾಗಿ ಒಂದು ಭಾಷೆಯಲ್ಲಿ ಹೆಚ್ಚು ಅಚ್ಚಾದಷ್ಟೂ ಅದರ ವಿಶ್ವಕೋಶ ತುಂಬುತ್ತದೆ. ಕಡಿಮೆ ಅಚ್ಚಾದ ಕಡೆ ಖಾಲಿ ಉಳಿಯುತ್ತದೆ. ಶಾಲೆಗಳಲ್ಲಿ ಕನ್ನಡ ಕಡಿಮೆಯಾಗುತ್ತ ಬಂದ ಗಡಿ ತಾಲ್ಲೂಕುಗಳ ಆಚರಣೆ, ಗಾದೆ, ಕೃಷಿಪದಗಳು ಪ್ರಕಟಣೆಗಾಗಿ ಕಾಯುವಷ್ಟು ಕಾಲ ಉಳಿಯುವವೇ ಎಂಬ ಆತಂಕ ನಿರಾಧಾರವಲ್ಲ. ವಿದ್ವಾಂಸರು ಮೊದಲು ಪತ್ರಿಕೆಗೆ ಬರೆದು ಬಳಿಕ ವಿಶ್ವಕೋಶಕ್ಕೆ ಬರುವ ಕ್ರಮ ನಿಧಾನವಾದರೂ ಸದ್ಯಕ್ಕೆ ಅದೇ ದಾರಿ. ಕ್ಷೇತ್ರಕಾರ್ಯದ ಒಂದು ಸಣ್ಣ ವರದಿ, ಒಂದು ಶಾಸನಪಾಠ, ಹತ್ತು ಪುಟಗಳ ಪದಪಟ್ಟಿ ಅಚ್ಚಾದರೂ ಅದು ಮುಂದೆ ಉಲ್ಲೇಖವಾಗಬಲ್ಲದು.

ಅಚ್ಚಾಗಿ ಮರೆತುಹೋದದ್ದನ್ನು ಮತ್ತೆ ಬೆಳಕಿಗೆ ತರಲು ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಸೋರ್ಸ್ ಇದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಅಲ್ಲಿ ಪುಟಪುಟವಾಗಿ ಬೆರಳಚ್ಚಿಸಿ ತಿದ್ದಲಾಗುತ್ತದೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷಗಳ ಬಳಿಕ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ಸಾರ್ವಜನಿಕವಾಗುತ್ತವೆ. ಮಂಜೇಶ್ವರದ ಗೋವಿಂದ ಪೈಗಳು ನಿಧನರಾದದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವು. ಕಯ್ಯಾರ ಕಿಞ್ಞಣ್ಣ ರೈಗಳ ಕೃತಿಗಳಿಗೆ, ಅವರು ತೀರಿಕೊಂಡದ್ದು 2015ರಲ್ಲಾದ್ದರಿಂದ, ವಾರಸುದಾರರ ಅನುಮತಿಯಿಲ್ಲದಿದ್ದರೆ 2076ರವರೆಗೆ ಕಾಯಬೇಕು.